ಮುಖ ನೋಡಿದರೆ ಗೊತ್ತಾಗುತ್ತಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಪೊಲೀಸ್ ಠಾಣೆ. ಇಬ್ಬರು ಹುಡುಗರು ಪಕ್ಕಪಕ್ಕ ಕೂತು, ತಲೆ ತಗ್ಗಿಸಿಕೊಂಡು ಏನೋ ಬರೆಯುತ್ತಿದ್ದಾರೆ. ಒಬ್ಬ ಅತ್ಯಾಚಾರದ ಆರೋಪಿ. ಇನ್ನೊಬ್ಬ, ಅನ್ಯಾಯಕ್ಕೊಳಗಾದ ಹುಡುಗಿಯ ಅಣ್ಣ. ಆರೋಪಿಯನ್ನು ಹಿಡಿದು ತಂದವನೇ ಅವನು. ಆ ಠಾಣೆಯಲ್ಲಿ ಒಬ್ಬ ಪತ್ತೇದಾರ ಇದ್ದಾನೆ. ಮುಖ ನೋಡಿಯೇ ಕಳ್ಳನನ್ನು ಗುರುತಿಸುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುವವನು. ಮೇಲಧಿಕಾರಿ ಅವನಿಗೆ ಕೇಳುತ್ತಾನೆ, ಈ ಇಬ್ಬರಲ್ಲಿ ತಪ್ಪು ಮಾಡಿದವನು ಯಾರು ಹೇಳು ನೋಡೋಣ ಎಂದು. ಪತ್ತೇದಾರ ದಿಟ್ಟಿಸಿ ನೋಡುತ್ತಾನೆ. ನಾವೂ ನೋಡುತ್ತೇವೆ. ಉತ್ತರ ಮಾತ್ರ ಸಿನಿಮಾ ಮುಗಿದರೂ ಸಿಗುವುದಿಲ್ಲ.

ಇದು 2003ರಲ್ಲಿ ಬಂದ ‘ಮೆಮೊರೀಸ್ ಆಫ್ ಮರ್ಡರ್’ ಎಂಬ ಕೊರಿಯನ್ ಸಿನಿಮಾದ ದೃಶ್ಯ. ನಿರ್ದೇಶಕ ಬಾಂಗ್ ಜೂನ್-ಹೋ. ‘ಪ್ಯಾರಾಸೈಟ್’ ಮಾಡಿ ಆಸ್ಕರ್ ಗೆದ್ದರಲ್ಲ, ಅವರೇ. ಆ ಜಂಬದ ಪತ್ತೇದಾರ ಪಾರ್ಕ್ ಡೂ-ಮನ್ ಆಗಿ ನಟಿಸಿದವರು ಸಾಂಗ್ ಕಾಂಗ್-ಹೋ.

ಕಥೆಯ ಹಿಂದಿರುವುದು ನಿಜವಾದ ಕೊಲೆಗಳು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದ ದಕ್ಷಿಣಕ್ಕೆ, ಗ್ಯಾಂಗಿ ಪ್ರಾಂತ್ಯದಲ್ಲಿ ಹ್ವಾಸಂಗ್ ಎಂಬ ಊರಿದೆ. ಆಗ ಅಲ್ಲಿ ಎಲ್ಲಿ ನೋಡಿದರೂ ಭತ್ತದ ಗದ್ದೆ. 1986ರಿಂದ 1991ರವರೆಗೆ ಅಲ್ಲಿ ಹತ್ತು ಮಂದಿ ಹೆಣ್ಣುಮಕ್ಕಳು ಕೊಲೆಯಾದರು. ಹದಿಮೂರರ ಹುಡುಗಿಯಿಂದ ಎಪ್ಪತ್ತು ದಾಟಿದ ಅಜ್ಜಿಯವರೆಗೆ. ಪೊಲೀಸರು 21,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಆದರೂ ಕೊಲೆಗಾರ ಸಿಗಲಿಲ್ಲ. ಈ ಪ್ರಕರಣವನ್ನು ಮೊದಲು ಕಿಮ್ ಕ್ವಾಂಗ್-ಲಿಮ್ 1996ರಲ್ಲಿ ನಾಟಕ ಮಾಡಿದರು. ಆ ನಾಟಕವೇ ಈ ಸಿನಿಮಾಗೆ ಮೂಲ. ಪಾತ್ರಗಳೆಲ್ಲ ಕಲ್ಪನೆಯವು. ಆದರೆ ಸಿನಿಮಾ ತೆರೆಗೆ ಬಂದಾಗ ನಿಜವಾದ ಕೊಲೆಗಾರ ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಂಡೇ ನೋಡಬೇಕು.

ಮೊದಲ ಸಲ ನೋಡುವವರಿಗೆ ಒಂದು ಕಸಿವಿಸಿ ಆಗುತ್ತದೆ. ಕೊಲೆಯ ಸಿನಿಮಾ ಅಂತ ಕೂತಿರುತ್ತೀರಿ, ನಗು ಬಂದುಬಿಡುತ್ತದೆ! ಗದ್ದೆಯಲ್ಲಿ ಹೆಣ ಬಿದ್ದಿದೆ. ಸುತ್ತ ಮಕ್ಕಳು ಓಡಾಡುತ್ತಿದ್ದಾರೆ, ಊರವರು ಜಾತ್ರೆಯ ಹಾಗೆ ಸೇರಿದ್ದಾರೆ. ಕೆಸರಲ್ಲಿ ಒಂದೇ ಒಂದು ಹೆಜ್ಜೆಗುರುತು ಸಿಕ್ಕಿತು ಅನ್ನುವಷ್ಟರಲ್ಲಿ ಅದರ ಮೇಲೆ ಟ್ರ್ಯಾಕ್ಟರ್ ಹಾದುಹೋಗುತ್ತದೆ. ಬರುವ ಅಧಿಕಾರಿಗಳೆಲ್ಲ ಗದ್ದೆಯ ಏರಿಯಿಂದ ಜಾರಿ ಬೀಳುತ್ತಾರೆ. ಇದನ್ನೆಲ್ಲ ಕತ್ತರಿ ಹಾಕದೆ ಒಂದೇ ಉದ್ದದ ಶಾಟ್‌ನಲ್ಲಿ ತೆಗೆದಿದ್ದಾರೆ. ಪಾರ್ಕ್ ಡೂ-ಮನ್ ಅತ್ತಿಂದಿತ್ತ ಓಡಿ ಕೂಗಾಡುತ್ತಾನೆ. ಅವನ ಮಾತು ಯಾರೂ ಕೇಳುವುದಿಲ್ಲ.

ಆಮೇಲೆ ಸೋಲ್‌ನಿಂದ ಇನ್ನೊಬ್ಬ ಪತ್ತೇದಾರ ಬರುತ್ತಾನೆ, ಸಿಯೋ ತೇ-ಯೂನ್. ಇವನು ಓದಿದವನು. ಕಾಗದ ಪತ್ರ ಸುಳ್ಳು ಹೇಳುವುದಿಲ್ಲ ಎಂದು ನಂಬಿದವನು. ಪಾರ್ಕ್‌ಗೆ ಕಣ್ಣೇ ಪ್ರಮಾಣ, ಸಿಯೋಗೆ ಕಡತವೇ ಪ್ರಮಾಣ. ಅಲ್ಲಿಗೆ ನಮಗೆ ಕಥೆ ಗೊತ್ತಾಯಿತು ಅನ್ನಿಸುತ್ತದೆ ಅಲ್ವಾ? ಹಳ್ಳಿಯ ಒರಟ ಸೋಲುತ್ತಾನೆ, ಪೇಟೆಯ ಬುದ್ಧಿವಂತ ಗೆಲ್ಲುತ್ತಾನೆ. ಬಾಂಗ್ ನಮ್ಮನ್ನು ಸರಿಯಾಗಿ ಕೆಡವುವುದು ಇಲ್ಲೇ.

ಈಗ ನಮ್ಮ ಮನೆಯ ವಿಷಯ, ಅಂದರೆ ರೇಡಿಯೋ. ಕೊಲೆಯಾದ ಮಳೆಯ ರಾತ್ರಿಗಳಲ್ಲೆಲ್ಲ ಕೇಳುಗರ ಕೋರಿಕೆಯ ಕಾರ್ಯಕ್ರಮದಲ್ಲಿ ಒಂದೇ ಹಾಡು ಬಂದಿತ್ತು ಎಂದು ಠಾಣೆಯ ಮಹಿಳಾ ಪೊಲೀಸ್ ಪತ್ತೆ ಮಾಡುತ್ತಾಳೆ. ಗಂಡಸರು ಅಷ್ಟು ದಿನ ಒದ್ದಾಡಿದರೂ ಸಿಗದ ಸುಳಿವು, ಚಹಾ ತಂದುಕೊಡುವುದಕ್ಕೆ ಇಟ್ಟುಕೊಂಡಿದ್ದವಳಿಗೆ ಸಿಕ್ಕಿತು. ರೇಡಿಯೋದ ಈ ಎಳೆ ಕಥೆಗಾಗಿ ಹೆಣೆದದ್ದು. ಆದರೂ ಕಾರ್ಡು ಬರೆದು ಹಾಡು ಕೇಳುವ ಅಭ್ಯಾಸ ಇರುವ ನಮ್ಮ ಹಳೆಯ ಕೇಳುಗರಿಗೆ ಆ ಭಾಗ ನೋಡುವಾಗ ಮೈ ಜುಮ್ ಅನ್ನುತ್ತದೆ.

ಇನ್ನು ಆ ಕಾಲ. ಆಗ ದಕ್ಷಿಣ ಕೊರಿಯಾದಲ್ಲಿ ಚುನ್ ಡೂ-ಹ್ವಾನ್ ಎಂಬ ಸೇನಾಧಿಕಾರಿಯ ಆಡಳಿತ. 1987ರ ಜೂನ್‌ನಲ್ಲಿ ಪ್ರಜಾಪ್ರಭುತ್ವ ಬೇಕು ಅಂತ ಜನ ಬೀದಿಗಿಳಿದರು. ಸಿನಿಮಾದಲ್ಲಿ ಒಂದು ರಾತ್ರಿ ಮಳೆ ಶುರುವಾಗುತ್ತದೆ, ಇವತ್ತು ಕೊಲೆ ಆಗುತ್ತದೆ ಎಂದು ಪತ್ತೇದಾರರಿಗೆ ಗೊತ್ತು. ಕಾವಲಿಗೆ ಪೊಲೀಸರನ್ನು ಕಳಿಸಿ ಎಂದರೆ ಯಾರೂ ಇಲ್ಲ. ಎಲ್ಲರೂ ಪ್ರತಿಭಟನೆ ಅಡಗಿಸಲು ಹೋಗಿದ್ದಾರೆ. ಇದನ್ನು ಸಿನಿಮಾ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗುತ್ತದೆ. ಭಾಷಣ ಇಲ್ಲ. ನನ್ನ ಪ್ರಕಾರ ಇಡೀ ಸಿನಿಮಾದ ಅತ್ಯಂತ ಸಿಟ್ಟಿನ ಜಾಗ ಅದೇ.

ಕೊನೆಗೆ ಅಮೆರಿಕದಿಂದ ಡಿಎನ್‌ಎ ವರದಿ ಬರುತ್ತದೆ. ಸಿಯೋ ಖಂಡಿತ ಇವನೇ ಎಂದುಕೊಂಡಿದ್ದ ಹುಡುಗನಿಗೆ ಅದು ಹೊಂದುವುದಿಲ್ಲ. ಕಾಗದವನ್ನೇ ದೇವರು ಅಂದುಕೊಂಡಿದ್ದವನು ಆ ಕಾಗದ ನಂಬದೆ ಪಿಸ್ತೂಲು ಹಿಡಿಯುತ್ತಾನೆ. ಪಾರ್ಕ್ ಆ ಹುಡುಗನ ಮುಖ ಹಿಡಿದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ, ಅವನಿಗೂ ಏನೂ ತಿಳಿಯುವುದಿಲ್ಲ. ಕಣ್ಣೂ ಸೋತಿತು, ಕಡತವೂ ಸೋತಿತು.

ಈಗ ನಿಜ ಸಂಗತಿಗೆ ಬರೋಣ. 2019ರ ಸೆಪ್ಟೆಂಬರ್‌ನಲ್ಲಿ, ಹಳೆಯ ಸಾಕ್ಷ್ಯಗಳ ಮೇಲಿದ್ದ ಡಿಎನ್‌ಎ ಒಬ್ಬ ಕೈದಿಗೆ ಹೊಂದಿತು. ಹೆಸರು ಲೀ ಚುನ್-ಜೇ. ಹೆಂಡತಿಯ ತಂಗಿಯನ್ನು 1994ರಲ್ಲಿ ಕೊಂದು, ಜೀವಾವಧಿ ಶಿಕ್ಷೆಯಾಗಿ ಬುಸಾನ್ ಜೈಲಿನಲ್ಲಿದ್ದ. ಅಲ್ಲಿ ಅವನು ಒಳ್ಳೆಯ ನಡತೆಯ ಕೈದಿ ಅಂತಲೇ ಹೆಸರಾಗಿದ್ದನಂತೆ. ಒಟ್ಟು 14 ಕೊಲೆ ಮಾಡಿದ್ದೇನೆ ಎಂದು ಒಪ್ಪಿಕೊಂಡ. ವಿಷಯ ಏನೆಂದರೆ, ತನಿಖೆಯ ಕಾಲದಲ್ಲೇ ಪೊಲೀಸರು ಅವನನ್ನು ಒಂದಕ್ಕಿಂತ ಹೆಚ್ಚು ಸಲ ವಿಚಾರಿಸಿ ಬಿಟ್ಟಿದ್ದರು. ಕೊಲೆಗಾರನದ್ದು ಬಿ ಗುಂಪಿನ ರಕ್ತ ಎಂದು ಅವರು ತೀರ್ಮಾನಿಸಿದ್ದರು. ಇವನದ್ದು ಓ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ಇದೆ. ಎಂಟನೆಯ ಕೊಲೆ, 1988ರದ್ದು, ಆ ಹದಿಮೂರರ ಹುಡುಗಿಯದ್ದು. ಅದೊಂದರಲ್ಲಿ ಮಾತ್ರ ಪೊಲೀಸರು ಒಬ್ಬನನ್ನು ಹಿಡಿದಿದ್ದರು. ಬೇಸಾಯದ ಯಂತ್ರ ರಿಪೇರಿ ಮಾಡುತ್ತಿದ್ದ 22ರ ಹುಡುಗ. ಪೋಲಿಯೋದಿಂದ ಅವನ ಒಂದು ಕಾಲಿಗೆ ಬಲ ಇರಲಿಲ್ಲ. ಅಂಥವನು ಗೋಡೆ ಹಾರಿ ಮನೆಯೊಳಗೆ ಹೋದ ಎಂದು ಬರೆದುಕೊಂಡರು. ನಿದ್ದೆಗೆ ಬಿಡದೆ, ಹೊಡೆದು, ಒಪ್ಪಿಗೆ ಬರೆಸಿಕೊಂಡರು. ಜೊತೆಗೆ ಕೂದಲಿನ ಪರೀಕ್ಷೆಯ ವರದಿಯೂ ಇವನೇ ಎಂದಿತು. ಜೀವಾವಧಿ ಶಿಕ್ಷೆಯಾಯಿತು. ಸುಮಾರು 20 ವರ್ಷ ಒಳಗಿದ್ದು 2009ರಲ್ಲಿ ಪೆರೋಲ್ ಮೇಲೆ ಹೊರಗೆ ಬಂದರು.

ಈ ಸುದ್ದಿ ತಿಳಿದ ಮೇಲೆ ಸಿನಿಮಾವನ್ನು ಮತ್ತೆ ನೋಡಿ. ಬುದ್ಧಿ ಕಡಿಮೆ ಇರುವ ಹುಡುಗನೊಬ್ಬನನ್ನು ಪಾರ್ಕ್ ಹಿಡಿದು ತಂದು, ಹೀಗೆ ಹೇಳು, ಹಾಗೆ ಹೇಳು ಎಂದು ಪಾಠ ಹೇಳಿಕೊಡುವ ದೃಶ್ಯ ಇದೆ. ಜೊತೆಯವನು ಹಾರಿ ಎದೆಗೆ ಒದೆಯುತ್ತಾನೆ. ನಡುವೆ ಎಲ್ಲರೂ ಒಟ್ಟಿಗೆ ಕೂತು ನೂಡಲ್ಸ್ ತಿಂದು ಟಿವಿ ನೋಡುತ್ತಾರೆ. 2003ರಲ್ಲಿ ಕೊರಿಯಾದ ಥಿಯೇಟರುಗಳಲ್ಲಿ 50 ಲಕ್ಷಕ್ಕೂ ಜಾಸ್ತಿ ಜನ ಈ ಸಿನಿಮಾ ನೋಡಿದರು. ಅವರು ಈ ದೃಶ್ಯಕ್ಕೆ ನಗುತ್ತಿದ್ದ ಹೊತ್ತಿಗೆ, ಅದೇ ಪ್ರಕರಣದಲ್ಲಿ ಒಪ್ಪಿಗೆ ಬರೆದುಕೊಟ್ಟ ನಿರಪರಾಧಿ ಜೈಲಿನಲ್ಲಿದ್ದರು. ಕೊಲೆಗಾರ ಯಾರೆಂದು ಬಾಂಗ್‌ಗೆ ಗೊತ್ತಿರಲಿಲ್ಲ. ಪೊಲೀಸರು ಹೇಗೆ ಎಂಬುದು ಚೆನ್ನಾಗಿಯೇ ಗೊತ್ತಿತ್ತು. ಸಿನಿಮಾ ಮಾಡುವ ಮುಂಚೆ ಆ ಪೊಲೀಸರನ್ನು, ಪತ್ರಕರ್ತರನ್ನು, ಊರವರನ್ನು ಕಂಡು ಮಾತಾಡಿಸಿದ್ದರು.

ಕೊನೆಯ ದೃಶ್ಯದಲ್ಲಿ ಪಾರ್ಕ್ ಡೂ-ಮನ್ ನೇರವಾಗಿ ಕ್ಯಾಮೆರಾ ನೋಡುತ್ತಾನೆ. ಕೊಲೆಗಾರ ಎಲ್ಲೋ ಥಿಯೇಟರಿನಲ್ಲಿ ಕೂತಿರಬಹುದು, ಅವನ ಕಣ್ಣಿಗೆ ಕಣ್ಣು ಕೂಡಲಿ ಎಂಬುದು ನಿರ್ದೇಶಕರ ಆಸೆ. ಈ ಸಿನಿಮಾವನ್ನು ಹೊಗಳುವವರೆಲ್ಲ ಆ ನೋಟದ ಬಗ್ಗೆಯೇ ಹೇಳುತ್ತಾರೆ. ನಾನು ಅಷ್ಟು ಒತ್ತು ಕೊಡಲಾರೆ. ಯಾಕೆಂದರೆ ಲೀ ಚುನ್-ಜೇ ಈ ಸಿನಿಮಾವನ್ನು ಜೈಲಿನಲ್ಲಿ ನೋಡಿದ್ದ. ಸುಮ್ನೆ ಒಂದು ಸಿನಿಮಾ ಅಂತ ನೋಡಿದೆ, ಏನೂ ಅನ್ನಿಸಲಿಲ್ಲ ಎಂದು 2020ರ ನವೆಂಬರ್‌ನಲ್ಲಿ ಸುವೋನ್ ನ್ಯಾಯಾಲಯದಲ್ಲಿ ಹೇಳಿದ. ಅದೇ ದಿನ ಇನ್ನೊಂದು ಮಾತೂ ಹೇಳಿದ. ತಾನು ಯಾಕೆ ಸಿಕ್ಕಿಬೀಳಲಿಲ್ಲ ಅನ್ನುವುದು ತನಗೇ ಅರ್ಥವಾಗಿಲ್ಲವಂತೆ. ಊರ ತುಂಬ ಪೊಲೀಸರಿದ್ದರು, ಎದುರಿಗೆ ಸಿಗುತ್ತಲೇ ಇದ್ದರು, ಆದರೆ ತನ್ನ ಹತ್ತಿರ ಬೇರೆಯವರ ಬಗ್ಗೆಯೇ ವಿಚಾರಿಸುತ್ತಿದ್ದರು ಎಂದ.

ಅವನ ಮೇಲೆ ಈ ಕೊಲೆಗಳಿಗಾಗಿ ಕೇಸು ಹಾಕುವಂತಿಲ್ಲ. ಆಗಿನ ಕಾನೂನಿನಲ್ಲಿ ಕೊಲೆಗೆ 15 ವರ್ಷದ ಗಡುವು ಇತ್ತು, 2006ಕ್ಕೇ ಅದು ಮುಗಿದಿತ್ತು. ಕೊರಿಯಾ ಆ ಗಡುವನ್ನು ತೆಗೆದುಹಾಕಿದ್ದು 2015ರಲ್ಲಿ. 2020ರ ಡಿಸೆಂಬರ್ 17ರಂದು ಆ ಎಂಟನೆಯ ಪ್ರಕರಣದ ಮರುವಿಚಾರಣೆ ಮುಗಿದು, 20 ವರ್ಷ ಜೈಲಿನಲ್ಲಿದ್ದವರು ನಿರ್ದೋಷಿ ಎಂದು ತೀರ್ಪು ಬಂತು. ನ್ಯಾಯಾಧೀಶರು ಅವರ ಕ್ಷಮೆ ಕೇಳಿದರು.

ಸಿನಿಮಾ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಇದೆ. ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದ್ದಲ್ಲ. ಡಬ್ಬಿಂಗ್ ಸಿಕ್ಕರೂ ಬಿಡಿ, ಕೊರಿಯನ್ ದನಿಯಲ್ಲೇ ಕೇಳಿ. ಸಾಂಗ್ ಕಾಂಗ್-ಹೋ ಅವರ ಗೊಗ್ಗರು ಗಂಟಲಿನ ಬೈಗುಳ ತಪ್ಪಿಸಿಕೊಳ್ಳಬಾರದು.

ನಮಸ್ಕಾರ.