ಒಂಟಿ ಎತ್ತಿನ ಹಿಂದೆ ಒಂದು ದಿನ

ಎಲ್ಲರಿಗೂ ನಮಸ್ಕಾರ. ಜಾತ್ರೆ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಾನು ಕಳೆದ ಒಂದು ದಿನದ ಕಥೆ ಹೇಳುತ್ತೇನೆ, ಅಷ್ಟೇ. ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಪುಷ್ಯ ಷಷ್ಠಿಯ ತೇರಿಗೆ ಮುಂಚೆ, ಡಿಸೆಂಬರ್-ಜನವರಿಯ ಚಳಿಯಲ್ಲಿ ಜಾತ್ರೆ ಕಟ್ಟುತ್ತದೆ.

ಬೆಳಿಗ್ಗೆ ಬಸ್ ಇಳಿದಾಗ ದಟ್ಟ ಮಂಜು. ದನ ಕಾಣಿಸಲಿಲ್ಲ, ಗಂಟೆ ಸದ್ದು ಮಾತ್ರ. ಬಿಸಿಲು ಬಂದ ಮೇಲೆ ನೋಡಿದರೆ ಬಯಲು ತುಂಬ ಹಳ್ಳಿಕಾರ್. ಬೂದು ಬಣ್ಣ, ಹಿಂದಕ್ಕೆ ಬಾಗಿದ ಉದ್ದ ಕೊಂಬು. 2000ದಲ್ಲಿ ಅಂಚೆ ಇಲಾಖೆ ಸ್ಟಾಂಪ್ ತಂದ ತಳಿ ಇದು. ಲಕ್ಷಗಟ್ಟಲೆ ಬೆಲೆಯ ಜೋಡಿಗಳಿಗೆ ಶಾಮಿಯಾನ, ತಮಟೆ, ಫೋಟೋ. ನಾನೂ ಒಂದೆರಡು ಫೋಟೋ ತೆಗೆದೆ, ಸುಳ್ಳು ಯಾಕೆ ಹೇಳಲಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇವಿನ ಮರದ ಕೆಳಗಿದ್ದ ಒಂಟಿ ಎತ್ತು. ಜೊತೆಯದು ಚರ್ಮಗಂಟು ರೋಗದಲ್ಲಿ ಹೋಯಿತಂತೆ. 2022ರಲ್ಲಿ ದನದ ಜಾತ್ರೆಗಳನ್ನೇ ನಿಲ್ಲಿಸಿದ್ದರಲ್ಲ, ಅದೇ ರೋಗ. "ಒಂದೆತ್ತು ಇಟ್ಕೊಂಡು ಏನ್ ಉಳೋದು ಸ್ವಾಮಿ?" ಅಂದರು ಯಜಮಾನರು. ಜೋಡಿ ಹುಡುಕಲು ಬಂದಿದ್ದರು. ನಾನು ಅವರ ಹಿಂದೆಯೇ ಸುತ್ತಿದೆ.

ಹೆಣ್ಣು ನೋಡುವುದು ಸುಲಭ ಅನ್ನಿಸಿಬಿಟ್ಟಿತು ನನಗೆ! ಎತ್ತರ ಸರಿ ಇದ್ದರೆ ಕೊಂಬು ಸರಿ ಇಲ್ಲ. ಕೊಂಬು ಹೊಂದಿದರೆ ಬೆನ್ನ ಮೇಲೆ ಕೆಟ್ಟ ಸುಳಿ. ಎಲ್ಲ ಸರಿ ಅನ್ನುವಾಗ ಬಾಯಿ ಬಿಡಿಸುತ್ತಾರೆ. ದನಕ್ಕೆ ಮೇಲ್ಗಡೆ ಮುಂದಿನ ಹಲ್ಲೇ ಇರುವುದಿಲ್ಲ, ಗೊತ್ತಾ? ಲೆಕ್ಕವೆಲ್ಲ ಕೆಳಗಿನ ಎಂಟರದ್ದು. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ಎರಡು, ಎರಡೂವರೆ ವರ್ಷ. ಆಮೇಲೆ ನಾಲ್ಕು, ಆರು. ಎಂಟೂ ಬಂದರೆ ಬಾಯಿ ಗೂಡಿತು ಅನ್ನುತ್ತಾರೆ. ಬಾಯಿ ಗೂಡಿದ ಎತ್ತಿನ ಪಕ್ಕ ಎರಡು ಹಲ್ಲಿನ ಹೋರಿ ಕಟ್ಟಿದರೆ ನೊಗ ಒಂದು ಕಡೆಗೇ ಎಳೆಯುತ್ತದೆ.

ಮಧ್ಯಾಹ್ನದ ಹೊತ್ತಿಗೆ ಒಂದು ಹೊಂದಿತು. ದಲ್ಲಾಳಿ ಹೆಗಲ ಟವೆಲ್ ತೆಗೆದ. ಅದರ ಮರೆಯಲ್ಲಿ ಯಜಮಾನರ ಕೈ ಹಿಡಿದ. ಇಬ್ಬರೂ ಬೇರೆಲ್ಲೋ ನೋಡುತ್ತಿದ್ದರು, ಬೆರಳು ಮಾತಾಡುತ್ತಿತ್ತು. ನಾನು ಪೆಕರನ ಹಾಗೆ ನೋಡುವುದು ಕಂಡು ಆಮೇಲೆ ದಲ್ಲಾಳಿ ನನ್ನ ಕೈಯನ್ನೂ ಟವೆಲ್ ಒಳಗೆ ಎಳೆದುಕೊಂಡ. ನಾಲ್ಕು ಬೆರಳು ಒತ್ತಿದ, ಬಿಟ್ಟ, ಐದೂ ಸೇರಿಸಿ ಹಿಡಿದ. "ಎಷ್ಟಾಯ್ತು ಹೇಳಿ?" ಒಂಬತ್ತು ಅಂದೆ. ಸುತ್ತ ಇದ್ದವರೆಲ್ಲ ನಕ್ಕರು. ನಲವತ್ತೈದು ಸಾವಿರವಂತೆ.

ದುಡ್ಡು ಕೊಡುವ ಮುಂಚೆ ಎರಡನ್ನೂ ನೊಗಕ್ಕೆ ಕಟ್ಟಿ ನಡೆಸಿದರು. ಹೊಸ ಎತ್ತು ನಾಲ್ಕು ಹೆಜ್ಜೆ ಇಟ್ಟಿತು, ಆಮೇಲೆ ಪಕ್ಕದ್ದನ್ನು ತಳ್ಳಿಕೊಂಡು ಎಡಕ್ಕೇ ಬರತೊಡಗಿತು. ಇನ್ನೊಮ್ಮೆ ನಡೆಸಿದರು. ಮತ್ತೆ ಅದೇ. ಯಜಮಾನರು ಮೂಗುದಾರ ಹಿಡಿದು ನಿಲ್ಲಿಸಿದರು. "ಇದೂ ನೊಗದ ಎಡಗಡೆ ಹೂಡಿ ರೂಢಿಯಾದದ್ದೇ ಕಣಯ್ಯ. ನಂದೂ ಎಡಗಡೇದು." ದಲ್ಲಾಳಿ ಐದು ಸಾವಿರ ಇಳಿಸಿದ. ವಾರದಲ್ಲಿ ಪಳಗುತ್ತೆ ಅಂದ. ಅವರು ತಲೆಯಾಡಿಸಿ ಹಗ್ಗ ಬಿಚ್ಚಿದರು.

ಸಂಜೆ ದೇವಸ್ಥಾನಕ್ಕೂ ಹೋಗಿದ್ದೆ. ಅಲ್ಲಿ ಒಂದೇ ಕಲ್ಲಿನಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿನ ದೇವರನ್ನು ಕನ್ನಡಿಯಲ್ಲಿ ನೋಡಬೇಕು. ದೇವರಿಗೂ ಜೋಡಿ ಸಿಕ್ಕಿದೆಯಲ್ಲಪ್ಪ ಅಂದುಕೊಂಡೆ.

ಹೊರಗೆ ಬಂದರೆ ಯಜಮಾನರು ಬಾಡಿಗೆ ಉಳಿಯಲಿ ಅಂತ ಪಕ್ಕದೂರಿನವರ ಹಸುವಿನ ಜೊತೆ ಎತ್ತನ್ನು ಟೆಂಪೋ ಹತ್ತಿಸುತ್ತಿದ್ದರು. ಹೆಗಲ ಮೇಲೆ ಹೊಸ ಹಗ್ಗ, ಎರಡು. "ಸಿಗಲಿಲ್ವಾ ಯಜಮಾನ್ರೆ?" ಅಂದೆ.

"ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ ಇದೆಯಲ್ಲ ಸ್ವಾಮಿ, ಅಲ್ಲಿ ನೋಡ್ತೀನಿ."