ಸಹಿ ಒಬ್ಬರದು, ಹೊಣೆ ಇನ್ನೊಬ್ಬರದು

ಎಲ್ಲರಿಗೂ ನಮಸ್ಕಾರ.

ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದ ಎಂದ ಕೂಡಲೇ ನಮಗೆ ಸುಂಕ, ರಫ್ತು, ಕಾರು, ಬಟ್ಟೆ ನೆನಪಾಗುತ್ತವೆ. ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿ ನೆನಪಾಗುವುದಿಲ್ಲ. ಇವತ್ತು ನಾನು ಆ ಕಿಟಕಿಯ ಬಗ್ಗೆ ಮಾತಾಡುತ್ತೇನೆ: ಕೇಂದ್ರ ಸರ್ಕಾರ ಸಹಿ ಹಾಕುವ ಒಪ್ಪಂದದ ಹೊರೆ, ಆಸ್ಪತ್ರೆ ನಡೆಸುವ ರಾಜ್ಯ, ಪ್ರಾಂತ್ಯ ಸರ್ಕಾರಗಳ ಮೇಲೆ ಹೇಗೆ ಬೀಳುತ್ತದೆ ಎಂಬುದರ ಬಗ್ಗೆ.

ಬ್ರಿಟನ್ನಿನಿಂದ ಶುರು ಮಾಡೋಣ. ವೇಲ್ಸ್‌ನ ಕಲ್ಲಿದ್ದಲು ಗಣಿಯಲ್ಲಿ ದುಡಿದು ಬಂದ ಅನ್ಯೂರಿನ್ ಬೆವನ್ ಆರೋಗ್ಯ ಮಂತ್ರಿಯಾಗಿದ್ದಾಗ, 1948ರ ಜುಲೈ 5ರಂದು ಅಲ್ಲಿ ಎನ್‌ಎಚ್‌ಎಸ್ ಎಂಬ ಸಾರ್ವಜನಿಕ ಆರೋಗ್ಯ ಸೇವೆ ಆರಂಭವಾಯಿತು. 1999ರಲ್ಲಿ ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳು ತಮ್ಮದೇ ಶಾಸನಸಭೆ ಪಡೆದ ಮೇಲೆ ಆರೋಗ್ಯ ಅವುಗಳ ಕೈಗೆ ಬಂತು. ಅದರ ಫಲ ಕಣ್ಣಿಗೆ ಕಾಣುವಂತಿದೆ. ಕಾರ್ಡಿಫ್‌ನಲ್ಲಿ ವೈದ್ಯರ ಚೀಟಿ ಹಿಡಿದು ಹೋದವರು ಒಂದು ಪೆನ್ನಿಯನ್ನೂ ಕೊಡದೆ ಔಷಧ ತರುತ್ತಾರೆ, ಏಕೆಂದರೆ ವೇಲ್ಸ್ 2007ರಲ್ಲೇ ಆ ಶುಲ್ಕ ತೆಗೆದುಹಾಕಿತು. ಸ್ಕಾಟ್ಲೆಂಡ್ 2011ರಲ್ಲಿ ತೆಗೆಯಿತು. ಸೆವರ್ನ್ ನದಿಯ ಸೇತುವೆ ದಾಟಿ ಇಂಗ್ಲೆಂಡಿಗೆ ಬಂದರೆ, ವಿನಾಯಿತಿ ಇಲ್ಲದವರು ಚೀಟಿಯಲ್ಲಿರುವ ಒಂದೊಂದು ಔಷಧಕ್ಕೂ 9.90 ಪೌಂಡ್ ಕೊಡಬೇಕು.

ಇಷ್ಟೆಲ್ಲ ಅಧಿಕಾರ ಇದ್ದರೂ ವಿದೇಶಿ ಒಪ್ಪಂದಕ್ಕೆ ಸಹಿ ಹಾಕುವುದು ಲಂಡನ್. ಅಷ್ಟೇ ಅಲ್ಲ, 1998ರ ಸ್ಕಾಟ್ಲೆಂಡ್ ಕಾಯ್ದೆಯ 58ನೇ ಸೆಕ್ಷನ್ ಪ್ರಕಾರ, ಸ್ಕಾಟಿಷ್ ಸರ್ಕಾರದ ಕ್ರಮವೊಂದು ಅಂತರರಾಷ್ಟ್ರೀಯ ಬಾಧ್ಯತೆಗೆ ಹೊಂದುವುದಿಲ್ಲ ಎಂದು ಕಂಡರೆ ಲಂಡನ್ನಿನ ಮಂತ್ರಿ ಅದನ್ನು ತಡೆಯಬಹುದು.

ಇದರ ಬಿಸಿ ಹೇಗೆ ತಟ್ಟುತ್ತದೆ ಎಂಬುದಕ್ಕೆ 2025ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಮೆರಿಕ–ಬ್ರಿಟನ್ ಔಷಧ ಒಪ್ಪಂದ ನೋಡಿ. ಹೊಸ ಔಷಧವೊಂದರಿಂದ ರೋಗಿಗೆ ಆರೋಗ್ಯವಂತ ಬದುಕಿನ ಒಂದು ವರ್ಷ ಹೆಚ್ಚಾಗಿ ಸಿಕ್ಕರೆ ಅದಕ್ಕೆ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ ನೈಸ್ ಎಂಬ ಸಂಸ್ಥೆ ಒಂದು ಮಿತಿ ಇಟ್ಟುಕೊಂಡಿತ್ತು: 20ರಿಂದ 30 ಸಾವಿರ ಪೌಂಡ್. ಈ ಒಪ್ಪಂದದಲ್ಲಿ ಅದನ್ನು 25ರಿಂದ 35 ಸಾವಿರಕ್ಕೆ ಏರಿಸಲು ಬ್ರಿಟನ್ ಒಪ್ಪಿತು. ಬದಲಿಗೆ ಬ್ರಿಟಿಷ್ ಔಷಧಗಳ ಮೇಲೆ ಅಮೆರಿಕ ಸುಂಕ ಹಾಕುವುದಿಲ್ಲ. ಸುಂಕದ ಲಾಭ ಕಂಪನಿಗಳಿಗೆ. ಔಷಧದ ಬಿಲ್ಲು ಮಾತ್ರ ಆರೋಗ್ಯ ಬಜೆಟ್ಟಿಗೆ. ನೈಸ್ ತೀರ್ಮಾನವನ್ನೇ ಪಾಲಿಸುವ ವೇಲ್ಸ್, ಆ ಹಣವನ್ನು ತನ್ನ ಬಜೆಟ್ಟಿನಲ್ಲೇ ಹೊಂದಿಸಿಕೊಳ್ಳಬೇಕು. ಹೊಸ ಔಷಧ ರೋಗಿಗಳಿಗೆ ಸಿಗಲಿ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ನರ್ಸ್‌ಗಳ ನೇಮಕಕ್ಕೆ ಎಷ್ಟು, ಔಷಧಕ್ಕೆ ಎಷ್ಟು ಎಂದು ಲೆಕ್ಕ ಹಾಕುವ ಹೊಣೆ ಹೊತ್ತವರ ಮುಂದೆಯೇ ಆ ಮಾತುಕತೆ ನಡೆಯಬೇಕಿತ್ತು.

ಇನ್ನೊಂದು ಅಪಾಯ ಹಿಂದೆ ಸರಿಯಲಾಗದ ಸ್ಥಿತಿ. ಸ್ಲೊವಾಕಿಯಾ ಆರೋಗ್ಯ ವಿಮೆಯನ್ನು ಖಾಸಗಿಯವರಿಗೆ ತೆರೆಯಿತು. ಆಮೇಲೆ ಬಂದ ಸರ್ಕಾರ, ಜನರ ಆರೋಗ್ಯಕ್ಕೆ ಕಟ್ಟಿದ ಹಣದಿಂದ ಲಾಭ ಹಂಚಿಕೊಳ್ಳಬಾರದು ಎಂದು 2007ರಲ್ಲಿ ಕಾನೂನು ಮಾಡಿತು. ನೆದರ್ಲೆಂಡ್ಸ್‌ನ ಅಕ್ಮೆಯಾ ಎಂಬ ವಿಮಾ ಕಂಪನಿ, 1991ರ ಹೂಡಿಕೆ ಒಪ್ಪಂದವೊಂದನ್ನು ಮುಂದಿಟ್ಟು, ವಿದೇಶಿ ಹೂಡಿಕೆದಾರರ ದೂರು ಕೇಳುವ ಮಧ್ಯಸ್ಥಿಕೆ ಮಂಡಳಿಗೆ ಹೋಯಿತು. ತೀರ್ಪು ಬರುವಷ್ಟರಲ್ಲಿ ಸ್ಲೊವಾಕಿಯಾದ ಸಾಂವಿಧಾನಿಕ ನ್ಯಾಯಾಲಯವೇ ಆ ಕಾನೂನನ್ನು ರದ್ದು ಮಾಡಿತ್ತು. ಆದರೂ 2012ರಲ್ಲಿ ಸುಮಾರು 2.2 ಕೋಟಿ ಯೂರೋ ಪರಿಹಾರ ಕೊಡಿ ಎಂಬ ತೀರ್ಪು ಬಂತು. 2018ರಲ್ಲಿ ಯುರೋಪಿನ ನ್ಯಾಯಾಲಯ ಇಂಥ ಮಧ್ಯಸ್ಥಿಕೆಯೇ ಐರೋಪ್ಯ ಕಾನೂನಿಗೆ ಹೊಂದುವುದಿಲ್ಲ ಎಂದಿತು, ತೀರ್ಪು ಬಿದ್ದುಹೋಯಿತು. ಸರ್ಕಾರ ಕೊನೆಗೆ ಗೆದ್ದಿತು, ನಿಜ. ಆದರೆ ಇಷ್ಟು ವರ್ಷದ ವ್ಯಾಜ್ಯದ ಭಯವನ್ನು ತಲೆಯಲ್ಲಿಟ್ಟುಕೊಂಡು ಯಾವ ಸಣ್ಣ ಪ್ರಾಂತ್ಯ ಸರ್ಕಾರ ತಾನೇ, ಖಾಸಗಿಗೆ ಕೊಟ್ಟ ಸೇವೆಯನ್ನು ವಾಪಸ್ ಪಡೆಯಲು ಧೈರ್ಯ ಮಾಡುತ್ತದೆ?

ಬೇರೆ ದಾರಿಯೇ ಇಲ್ಲವೇ ಎಂದರೆ, ಇದೆ. 2016ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ವಲೋನಿಯಾ ಎಂಬ ಪ್ರಾಂತ್ಯ, ಆಗ ಸುಮಾರು 36 ಲಕ್ಷ ಜನರಿದ್ದ ನಾಡು, ಇಡೀ ಐರೋಪ್ಯ ಒಕ್ಕೂಟ ಮತ್ತು ಕೆನಡಾ ನಡುವಿನ ಒಪ್ಪಂದವನ್ನು ತಡೆದು ನಿಲ್ಲಿಸಿತು. ಬೆಲ್ಜಿಯಂ ಸಂವಿಧಾನದಲ್ಲಿ ಪ್ರಾಂತ್ಯಗಳ ಒಪ್ಪಿಗೆ ಇಲ್ಲದೆ ಅಂಥ ಸಹಿ ಬೀಳುವುದಿಲ್ಲ. ಅಲ್ಲಿನ ಮುಖ್ಯಮಂತ್ರಿ ಪೌಲ್ ಮಾನ್ಯೆಟ್ ಮೇಲೆ ಯುರೋಪಿನ ಒತ್ತಡವೆಲ್ಲ ಬಿತ್ತು. ಅವರು ಪಟ್ಟು ಸಡಿಲಿಸಲಿಲ್ಲ. ವಿದೇಶಿ ಹೂಡಿಕೆದಾರರು ಸರ್ಕಾರಗಳ ಮೇಲೆ ದಾವೆ ಹೂಡಲು ಆ ಒಪ್ಪಂದದಲ್ಲಿದ್ದ ವಿಶೇಷ ನ್ಯಾಯಾಲಯ ಕಾನೂನುಬದ್ಧವೇ ಎಂದು ಯುರೋಪಿನ ನ್ಯಾಯಾಲಯವನ್ನು ಕೇಳಬೇಕು ಎಂಬ ಷರತ್ತು ಬರೆಸಿಕೊಂಡ ಮೇಲೆಯೇ ಅಕ್ಟೋಬರ್ 30ರಂದು ಸಹಿಯಾಯಿತು. ಅದೇ ಮಾತುಕತೆಯಲ್ಲಿ ಕೆನಡಾದ ಪ್ರಾಂತ್ಯಗಳೂ ಪಾಲ್ಗೊಂಡಿದ್ದವು.

ಈಗ ನಮ್ಮ ಮನೆಗೆ ಬರೋಣ. ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳು ರಾಜ್ಯ ಪಟ್ಟಿಯಲ್ಲಿವೆ. ಆದರೆ 253ನೇ ವಿಧಿ ಹೇಳುವುದೇನು? ವಿದೇಶಿ ಒಪ್ಪಂದವನ್ನು ಜಾರಿ ಮಾಡಲು ಸಂಸತ್ತು ಯಾವ ವಿಷಯದ ಮೇಲಾದರೂ, ರಾಜ್ಯ ಪಟ್ಟಿಯ ವಿಷಯದ ಮೇಲೂ, ಕಾನೂನು ಮಾಡಬಹುದು. ಸ್ಕಾಟ್ಲೆಂಡಿನ ಕಥೆ ನಮಗೆ ದೂರದ್ದಲ್ಲ.

ಪೇಟೆಂಟ್ ವಿಷಯದಲ್ಲಿ ಸದ್ಯ ನಮಗೊಂದು ರಕ್ಷಣೆ ಇದೆ. ವಿಶ್ವ ವ್ಯಾಪಾರ ಸಂಸ್ಥೆಯ, ಪೇಟೆಂಟ್‌ನಂಥ ಹಕ್ಕುಗಳ ಕುರಿತ ಟ್ರಿಪ್ಸ್ ಒಪ್ಪಂದದಂತೆ 2005ರಲ್ಲಿ ನಮ್ಮ ಪೇಟೆಂಟ್ ಕಾಯ್ದೆ ತಿದ್ದಿದಾಗ 3(ಡಿ) ಸೆಕ್ಷನ್‌ಗೆ ಹಲ್ಲು ಬಂತು. ಹಳೆಯ ಔಷಧದ ರೂಪವನ್ನು ಸ್ವಲ್ಪ ಬದಲಿಸಿ, ಪರಿಣಾಮ ಹೆಚ್ಚಿಸದೆ ಹೊಸ ಪೇಟೆಂಟ್ ಕೇಳುವಂತಿಲ್ಲ. ನೊವಾರ್ಟಿಸ್ ಕಂಪನಿಯ ರಕ್ತ ಕ್ಯಾನ್ಸರ್ ಔಷಧ ಗ್ಲಿವೆಕ್ ವಿಷಯದಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಯುರೋಪಿನವರು ಭಾರತದೊಂದಿಗಿನ ವ್ಯಾಪಾರ ಮಾತುಕತೆಯಲ್ಲಿ ಬೇರೊಂದು ಬಾಗಿಲು ತಟ್ಟಿದ್ದರು. ಮೂಲ ಕಂಪನಿಯ ಪ್ರಯೋಗದ ದಾಖಲೆಗಳನ್ನು ಆಧರಿಸಿ ಜೆನೆರಿಕ್ ಔಷಧಕ್ಕೆ, ಅಂದರೆ ಅದೇ ಔಷಧವನ್ನು ಬೇರೆ ಕಂಪನಿ ಅಗ್ಗವಾಗಿ ಮಾಡಿದ್ದಕ್ಕೆ, ಕೆಲವು ವರ್ಷ ಅನುಮತಿ ಕೊಡಬಾರದು ಎಂಬ ಬೇಡಿಕೆ ಅದು. ಅಂಥ ಬೇಡಿಕೆಗೆ ದೆಹಲಿ ಎಂದಾದರೂ ತಲೆಬಾಗಿದರೆ ಪೇಟೆಂಟ್ ಇಲ್ಲದ ಔಷಧವೂ ದುಬಾರಿಯಾಗಬಹುದು. ಆಗ ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಕೊಳ್ಳುವ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಟೆಂಡರ್‌ನಲ್ಲಿ ಅದರ ಪರಿಣಾಮ ಕಾಣುತ್ತದೆ, ಕೊನೆಗೆ ತಾಲ್ಲೂಕು ಆಸ್ಪತ್ರೆಯ ಕಿಟಕಿಯಲ್ಲಿ "ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಎಂಬ ಉತ್ತರ ಸಿಗುತ್ತದೆ.

2019ರಲ್ಲಿ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ಎಂಬ ವ್ಯಾಪಾರ ಒಪ್ಪಂದದ ಮಾತು ಬಂದಾಗ ನಮ್ಮ ಹಾಲು ಉತ್ಪಾದಕರು ದನಿ ಎತ್ತಿದರು. ಆ ನವೆಂಬರ್‌ನಲ್ಲಿ ಭಾರತ ಹೊರಬಂತು. ಔಷಧದ ವಿಷಯದಲ್ಲಿ ರೋಗಿಗಳಿಗೆ ಅಂಥ ಸಂಘಟನೆ ಇಲ್ಲ, ಹಾಗಾಗಿ ರಾಜ್ಯ ಸರ್ಕಾರವೇ ಅವರ ಪರವಾಗಿ ಕೂತು ಮಾತಾಡಬೇಕು. 263ನೇ ವಿಧಿಯ ಅಡಿ 1990ರಲ್ಲಿ ರಚನೆಯಾದ ಅಂತರರಾಜ್ಯ ಮಂಡಳಿ ಇದೆ. ಆರೋಗ್ಯಕ್ಕೆ ತಟ್ಟುವ ಪ್ರತಿ ವ್ಯಾಪಾರ ಒಪ್ಪಂದದ ಕರಡು ಸಹಿಗೆ ಮೊದಲು ಆ ಮಂಡಳಿಯ ಮುಂದೆ ಬರಲಿ, ನಮ್ಮ ವಿಧಾನಸಭೆಯಲ್ಲೂ ಚರ್ಚೆಯಾಗಲಿ ಎಂದು ನಮ್ಮ ನಮ್ಮ ಶಾಸಕರನ್ನು ನಾವು ಕೇಳಬೇಕು. ಮುಂದಿನ ಅಧಿವೇಶನದ ಹೊತ್ತಿಗೇ ಕೇಳೋಣ.