ಸರಾಸರಿಯಲ್ಲಿ ಕಾಣದ ತಾಲ್ಲೂಕು

ಕೇಳುಗರಿಗೆ ನಮಸ್ಕಾರ.

ಸರ್ಕಾರಿ ಇಲಾಖೆಯೊಂದು ಚೆನ್ನಾಗಿ ಕೆಲಸ ಮಾಡಿದೆಯೇ ಎಂದು ತಿಳಿಯಲು ಬಹುಕಾಲ ನಮ್ಮಲ್ಲಿ ಹೆಚ್ಚಾಗಿ ನೋಡುತ್ತಿದ್ದುದು, ಬಜೆಟ್ಟಿನಲ್ಲಿ ಕೊಟ್ಟ ಹಣ ಮಾರ್ಚ್ 31ರೊಳಗೆ ಖರ್ಚಾಯಿತೇ ಎಂಬುದನ್ನು. ಆ ಹಣ ಯಾವ ಊರಿಗೆ ಏನನ್ನು ತಂದುಕೊಟ್ಟಿತು ಎಂಬ ಪ್ರಶ್ನೆಗೆ ಖರ್ಚಿನ ಲೆಕ್ಕದಲ್ಲಿ ಉತ್ತರವಿರುವುದಿಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಪ್ರದೇಶವಾರು ಕೈಗೆತ್ತಿಕೊಂಡದ್ದು ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ. 2002ರಲ್ಲಿ ವರದಿ ಸಲ್ಲಿಸಿದ ಈ ಸಮಿತಿಯು ತಾಲ್ಲೂಕನ್ನೇ ಘಟಕವಾಗಿ ಹಿಡಿದು, ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಮುಂತಾದವುಗಳಿಗೆ ಸೇರಿದ 35 ಸೂಚಕಗಳನ್ನು ಕೂಡಿಸಿ ಒಂದು ಸೂಚ್ಯಂಕವನ್ನು ರೂಪಿಸಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ತೂಗಿದಾಗ, ಅಂದಿನ 175 ತಾಲ್ಲೂಕುಗಳಲ್ಲಿ 114 ಅದಕ್ಕಿಂತ ಕೆಳಗೆ ಉಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಕಲಬುರಗಿ ವಿಭಾಗದವು ಎಂಬುದು ಅನೇಕರಿಗೆ ಗೊತ್ತು. ಆದರೆ 11 ತಾಲ್ಲೂಕುಗಳು ನಮ್ಮ ಬೆಂಗಳೂರು ವಿಭಾಗದಲ್ಲೇ ಇದ್ದವು ಎಂಬುದನ್ನು ರಾಜಧಾನಿಯ ನಾವು ಅಷ್ಟಾಗಿ ನೆನೆಯುವುದಿಲ್ಲ. ನಗರದ ಬೆಳಕು ಸರಾಸರಿಯನ್ನು ಮೇಲೆತ್ತಿದಾಗ ಮಗ್ಗುಲಲ್ಲಿರುವ ತಾಲ್ಲೂಕಿನ ಕತ್ತಲೆಯೂ ಲೆಕ್ಕದಿಂದ ಜಾರುತ್ತದೆ.

ಕೇಂದ್ರ ಸರ್ಕಾರವು ಹಿಂದುಳಿದ ಜಿಲ್ಲೆಗಳನ್ನು ಪಟ್ಟಿಮಾಡಿ 2018ರಲ್ಲಿ ಆರಂಭಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮ ಬೇರೊಂದು ದಾರಿ ಹಿಡಿಯಿತು. ರಾಯಚೂರು ಮತ್ತು ಯಾದಗಿರಿಯೂ ಸೇರಿರುವ ಈ ಪಟ್ಟಿಯಲ್ಲಿ, ಜಿಲ್ಲೆ ತಾನು ಹೊರಟ ಜಾಗದಿಂದ ಎಷ್ಟು ಮುಂದೆ ಬಂದಿದೆ ಎಂಬುದಕ್ಕೂ ಅಂಕವಿದೆ. ಯಾದಗಿರಿಯನ್ನು ಮಂಗಳೂರಿನ ಪಕ್ಕದಲ್ಲಿ ನಿಲ್ಲಿಸಿ ತೂಗುವುದಕ್ಕಿಂತ ಇದು ನ್ಯಾಯವೆಂದು ನನಗೆ ತೋರುತ್ತದೆ. ಆದರೂ ಪ್ರಗತಿಯ ವೇಗವನ್ನು ಹೊಗಳುವ ಭರದಲ್ಲಿ ಉಳಿದಿರುವ ದೂರವನ್ನು ಮರೆಯುವ ಅಪಾಯ ಇಲ್ಲದಿಲ್ಲ.

ಕಚೇರಿಯ ಮಟ್ಟಕ್ಕೆ ಇಳಿದರೆ ನಮ್ಮ ಕಣ್ಣಮುಂದಿರುವುದು 2012ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಜಾರಿಗೆ ಬಂದ ‘ಸಕಾಲ’. ಮೊದಲಿಗೆ 11 ಇಲಾಖೆಗಳ 151 ಸೇವೆಗಳಿಗೆ ಗಡುವು ಗೊತ್ತುಮಾಡಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರರಿಗೆ ಪರಿಹಾರ ಕೊಡಬೇಕೆಂದು ಕಾಯ್ದೆ ವಿಧಿಸಿತು. ಮೊತ್ತ ಚಿಕ್ಕದು, ತಡಕ್ಕೂ ಬೆಲೆಯುಂಟೆಂದು ಒಪ್ಪಿಕೊಂಡದ್ದು ದೊಡ್ಡದು. ಆದರೆ ಈ ಗಡಿಯಾರದಲ್ಲಿ ಒಂದು ಸಡಿಲವಿದೆ. ಕಾರಣ ಬರೆದು ಅರ್ಜಿಯನ್ನು ತಿರಸ್ಕರಿಸಿದರೂ ಅದು ಗಡುವಿನೊಳಗೆ ವಿಲೇವಾರಿಯಾದಂತೆಯೇ ಸರಿ. ಸಮಯವನ್ನಷ್ಟೇ ನೋಡುವ ಪಟ್ಟಿಯಲ್ಲಿ, ಪ್ರಮಾಣಪತ್ರ ಕೊಟ್ಟ ಕಚೇರಿಯೂ, ಕಾಗದ ಸಾಲದೆಂದು ಜನರನ್ನು ಹಿಂದಕ್ಕೆ ಕಳುಹಿಸಿದ ಕಚೇರಿಯೂ ಒಂದೇ ಸಾಲಿನಲ್ಲಿ ನಿಲ್ಲಬಹುದು.

ಈ ಕೊರತೆಯನ್ನು ತುಂಬುವ ವಿಧಾನ ಹುಟ್ಟಿದ್ದೂ ಬೆಂಗಳೂರಿನಲ್ಲೇ. ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1994ರಲ್ಲಿ ಹೊರಬಂದ ನಾಗರಿಕರ ವರದಿಪತ್ರವು ನೀರು, ವಿದ್ಯುತ್, ದೂರವಾಣಿ, ಆಸ್ಪತ್ರೆಗಳಂಥ ಸೇವೆಗಳಿಗೆ ಬಳಕೆದಾರರಿಂದಲೇ ಅಂಕ ಹಾಕಿಸಿತು. ಮಕ್ಕಳ ಅಂಕಪಟ್ಟಿಗೆ ಸಹಿ ಹಾಕಿ ರೂಢಿಯಾಗಿದ್ದ ಅಧಿಕಾರಿಗಳಿಗೆ ತಮ್ಮದೇ ಅಂಕಪಟ್ಟಿ ರುಚಿಸದಿದ್ದರೆ ಆಶ್ಚರ್ಯವಿಲ್ಲ. 1999 ಮತ್ತು 2003ರಲ್ಲಿ ಇದೇ ಸಮೀಕ್ಷೆ ಮತ್ತೆ ನಡೆದುದರಿಂದ ಹಿಂದಿನದರೊಡನೆ ಹೋಲಿಸಿ ನೋಡಲು ಸಾಧ್ಯವಾಯಿತು.

ಸಕಾಲದ ಅಂಕಿಗಳ ಪಕ್ಕದಲ್ಲಿ, ಪ್ರತಿ ತಾಲ್ಲೂಕು ಕಚೇರಿಯ ತಿರಸ್ಕೃತ ಅರ್ಜಿಗಳ ಸಂಖ್ಯೆ, ತಿರಸ್ಕಾರಕ್ಕೆ ಕೊಟ್ಟ ಕಾರಣ, ಮತ್ತು ಅರ್ಜಿದಾರರು ಎಷ್ಟು ಬಾರಿ ಅಲೆದರು ಎಂಬ ಅವರದೇ ಉತ್ತರ, ಈ ಮೂರು ಅಂಕಣಗಳನ್ನು ಸೇರಿಸುವುದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಲಾರದು ಎಂಬುದು ನನ್ನ ಅಭಿಪ್ರಾಯ. ನಮಸ್ಕಾರ.